ರೈಟರು ಯಾರ ಸ್ವತ್ತು? ಹಾಸನದ ವ್ಯಂಗ್ಯಚಿತ್ರಗಾರ್ತಿಯೊಬ್ಬರ 90 ಸೆಕೆಂಡಿನ ಚಿತ್ರ

ಒಪ್ಪಂದದ ಕರಡು ಕಲಾವಿದೆಯ ಕೈಗೆ ಬಂದಾಗ ಮೊತ್ತ, ಗಡುವು, ಕಂತು ಎಲ್ಲ ಸರಿಯಾಗಿಯೇ ಇತ್ತು. ತಕರಾರು ಹುಟ್ಟಿದ್ದು ಕೊನೆಯ ಪುಟದ ಒಂದು ಸಾಲಿನಿಂದ. ಚಿತ್ರದಲ್ಲಿ ಬರುವ ಎಲ್ಲ ಪಾತ್ರಗಳು, ಅವುಗಳ ರೇಖಾಚಿತ್ರಗಳು, ಮುಂದೆ ಅವುಗಳನ್ನು ಬಳಸುವ ಸಕಲ ಹಕ್ಕು ಚಿತ್ರ ಮಾಡಿಸುವ ಸಂಸ್ಥೆಗೆ ಸೇರತಕ್ಕದ್ದು ಎಂದು ಅಲ್ಲಿ ಬರೆದಿತ್ತು. ಆ ಪಾತ್ರಗಳಲ್ಲಿ ಒಂದಾದ, ಕಾಫಿ ತೋಟದ ಲೆಕ್ಕ ಬರೆಯುವ ‘ರೈಟರು’ ಈ ಒಪ್ಪಂದಕ್ಕಿಂತ ಎಷ್ಟೋ ವರ್ಷ ಮೊದಲೇ ಹುಟ್ಟಿ, ಜಿಲ್ಲೆಯ ಪತ್ರಿಕೆಯೊಂದರಲ್ಲಿ ವಾರವಾರವೂ ಬರುತ್ತಿದ್ದವನು.

ಚಿತ್ರ ಆನೆಗಳ ಬಗ್ಗೆ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳ ಕಾಫಿ ಸೀಮೆಯಲ್ಲಿ ಆನೆ ಓಡಾಡುವ ದಾರಿಯಲ್ಲೇ ಮಕ್ಕಳು ಶಾಲೆಗೆ ನಡೆಯುತ್ತಾರೆ. ಬೆಳಗಿನ ಮಂಜಿನಲ್ಲಿ ಆನೆ ಎದುರಾದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಆ ಮಕ್ಕಳಿಗೆ ತಿಳಿಸಲು 90 ಸೆಕೆಂಡಿನ ಆನಿಮೇಷನ್ ಬೇಕೆಂದು ಸಂಸ್ಥೆಯೊಂದು ಹಾಸನದ ಈ ಕಲಾವಿದೆಯನ್ನು ಕೇಳಿತು. ಸ್ಟುಡಿಯೋ ಇಲ್ಲ, ಸಹಾಯಕರಿಲ್ಲ. ಮಹಾರಾಜ ಪಾರ್ಕಿನ ಹತ್ತಿರದ ಬಾಡಿಗೆ ಮನೆಯ ಒಂದು ಕೋಣೆ, ಹಳೆಯ ಕಂಪ್ಯೂಟರು, ಪೆನ್ ಟ್ಯಾಬ್ಲೆಟ್ಟು, ಯುಪಿಎಸ್ಸು. ನಾನು ಆ ಚಿತ್ರಕ್ಕೆ ಮಾತು ಬರೆದೆ. ಹಾಗಾಗಿ ಕರಡಿನಿಂದ ಹಿಡಿದು ಶಾಲೆಯ ಪ್ರದರ್ಶನದವರೆಗೆ ಹತ್ತಿರದಿಂದ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾರೆ.

ಒಬ್ಬರೇ ದುಡಿಯುವ ವ್ಯಂಗ್ಯಚಿತ್ರಕಾರರು ಒಂದು ಚಿತ್ರವನ್ನು ಮಾರಬಹುದು, ಪಾತ್ರವನ್ನು ಅದರ ಜೊತೆಗೇ ಕಟ್ಟಿ ಕೊಡಬಾರದು ಎಂಬುದು ನನ್ನ ನಿಲುವು. ಯಾಕೆ ಎಂಬುದಕ್ಕೆ ಆ ಪಾತ್ರ ಬೆಳೆದ ಬಗೆಯನ್ನೂ ಆ 90 ಸೆಕೆಂಡು ತಯಾರಾದ ಬಗೆಯನ್ನೂ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಪಾತ್ರ ಬಂದ ದಾರಿ

ಕಾಫಿ ತೋಟ ಕಂಡವರಿಗೆ ರೈಟರು ಯಾರೆಂದು ಹೇಳಬೇಕಿಲ್ಲ. ಹಾಜರಿ ಹಾಕುವವನು, ಕೂಲಿ ಲೆಕ್ಕ ಬರೆಯುವವನು, ಸಾಹುಕಾರರ ಮಾತನ್ನು ಆಳುಗಳಿಗೂ ಆಳುಗಳ ಕಷ್ಟವನ್ನು ಸಾಹುಕಾರರಿಗೂ ಮುಟ್ಟಿಸಿ ಎರಡೂ ಕಡೆಯಿಂದ ಬೈಸಿಕೊಳ್ಳುವವನು. ಕಲಾವಿದೆಯ ಸೋದರಮಾವ ಸಕಲೇಶಪುರದ ಕಡೆ ರೈಟರಾಗಿದ್ದರು. ಕಂಕುಳಲ್ಲಿ ಹಾಜರಿ ಪುಸ್ತಕ, ಮಳೆಗಾಲದಲ್ಲಿ ಕಂಬಳಿ ಕೊಪ್ಪೆ, ಬಾಯಿಯೇ ಕಾಣದಷ್ಟು ದಪ್ಪ ಮೀಸೆ: ಇಷ್ಟು ಅವರಿಂದ ಬಂತು. ಉಳಿದದ್ದು ವರ್ಷಗಟ್ಟಲೆ ಬರೆದೂ ಬರೆದೂ ಬಂದದ್ದು. ಮೊದಲ ವರ್ಷದ ಚಿತ್ರಗಳಲ್ಲಿ ಅವನು ಉದ್ದಕ್ಕಿದ್ದ, ಸಿಟ್ಟಿನವನಾಗಿದ್ದ. ಕ್ರಮೇಣ ಗಿಡ್ಡನಾದ, ಮೃದುವಾದ, ಮಾತು ಕಡಿಮೆ ಮಾಡಿದ. ಮೆಣಸಿನ ಬಳ್ಳಿಗೆ ರೋಗ ಬಂದಾಗ, ಕಾಫಿ ಧಾರಣೆ ಕುಸಿದಾಗ, ಕಾಫಿ ಹೂ ಅರಳಿಸುವ ಬ್ಲಾಸಂ ಮಳೆ ಕೈಕೊಟ್ಟಾಗ ರೈಟರು ಏನಂದ ಎಂದು ನೋಡುವ ಓದುಗರು ಹುಟ್ಟಿಕೊಂಡರು.

ಅದಕ್ಕೂ ಮೊದಲು ಈಕೆ ಬೆಂಗಳೂರಿನ ಒಂದು ಆನಿಮೇಷನ್ ಸ್ಟುಡಿಯೋದಲ್ಲಿದ್ದರು. ಹೊರದೇಶದ ಮಕ್ಕಳ ಧಾರಾವಾಹಿಗಳಿಗೆ ಇನ್‌ಬಿಟ್ವೀನ್ ಬರೆಯುವ ಕೆಲಸ. ಭಂಗಿಯ ಮುಖ್ಯ ಚಿತ್ರಗಳು ಬೇರೆಯವರವು, ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ನಡುವಿನ ಚಿತ್ರಗಳು ಇವರವು. ಗೆರೆ ಹಿಡಿತಕ್ಕೆ ಬಂದದ್ದು, ಕಾಲದ ಅಳತೆ ಕಣ್ಣಿಗೆ ಕೂತದ್ದು ಅಲ್ಲೇ. ಆದರೆ ಅಲ್ಲಿ ಬರೆದ ಒಂದು ಗೆರೆಯೂ ಅವರದಲ್ಲ. ಸಂಬಳಕ್ಕೆ ಇದ್ದುಕೊಂಡು ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಒಡೆತನ, ಬೇರೆ ಕರಾರಿಲ್ಲದಿದ್ದರೆ, ಕೆಲಸ ಕೊಟ್ಟವರದು. ಇದು ಕಾನೂನೇ. ಊರಿಗೆ ವಾಪಸಾದ ಮೇಲೆ ಮದುವೆಯ ಆಮಂತ್ರಣಕ್ಕೆ ಗಂಡು ಹೆಣ್ಣಿನ ನಗೆಚಿತ್ರ, ಶಾಲಾ ಪುಸ್ತಕಗಳಿಗೆ ಚಿತ್ರ, ಅಂಗಡಿ ಬೋರ್ಡು, ಗಣೇಶೋತ್ಸವದ ಫ್ಲೆಕ್ಸು ಎಲ್ಲ ಮಾಡಿದರು. ಮನೆ ಬಾಡಿಗೆ ಕಟ್ಟಿದ್ದು ಅವೇ. ಪತ್ರಿಕೆಯ ಸಂಭಾವನೆ ಯಾವತ್ತೂ ಚಿಲ್ಲರೆಯೇ. ಆದರೂ ಕೆಲಸ ಹುಡುಕಿಕೊಂಡು ಬಂದವರೆಲ್ಲ “ಆ ರೈಟರು ಬರೀತಾರಲ್ಲ, ಅವ್ರಾ?” ಎಂದು ಕೇಳಿಕೊಂಡೇ ಬರುತ್ತಿದ್ದರು. ಈ ಸಂಸ್ಥೆಯೂ ಹಾಗೆಯೇ ಬಂತು. ಅವರಿಗೆ ಬೇಕಾದದ್ದು ಆನೆಯ ಚಿತ್ರ, ಅದರಲ್ಲಿ ಮಕ್ಕಳಿಗೆ ಬುದ್ಧಿ ಹೇಳಲು ಮಲೆನಾಡು ಗುರುತಿಸುವ ರೈಟರು.

90 ಸೆಕೆಂಡು ಎಂದರೆ

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. 90 ಸೆಕೆಂಡಿಗೆ 2,160. ಕೈಯಿಂದ ಬರೆಯುವ ಆನಿಮೇಷನ್ನಿನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮಿಗೆ ನಿಲ್ಲಿಸುತ್ತಾರೆ, ಆಗ 1,080 ಚಿತ್ರ. ಒಂದು ಚಿತ್ರಕ್ಕೆ ಗೆರೆ ತಿದ್ದಿ ಬಣ್ಣ ತುಂಬಲು ಕಾಲು ಗಂಟೆ ಹಿಡಿದರೂ 270 ಗಂಟೆ. ಇದರಲ್ಲಿ ಹಿನ್ನೆಲೆ ಇಲ್ಲ, ಸದ್ದು ಇಲ್ಲ, ತಿದ್ದುಪಡಿ ಇಲ್ಲ. ಮಾಡಿಸುವವರಿಗೆ ಈ ಲೆಕ್ಕ ಕಾಣುವುದಿಲ್ಲ. “ಒಂದೂವರೆ ನಿಮಿಷದ್ದು ತಾನೇ” ಎಂಬ ಮಾತು ಅವರ ಬಾಯಲ್ಲಿ ಸಹಜವಾಗಿಯೇ ಬರುತ್ತದೆ.

ಒಬ್ಬರೇ ಇರುವಲ್ಲಿ ಏನು ಬರೆಯಬಾರದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಇವರು ಕತೆಯನ್ನು ಚಿಕ್ಕ ಚಿಕ್ಕ ಚೌಕಗಳಲ್ಲಿ ಬರೆದು, ನಾನು ಓದಿದ ಮಾತನ್ನು ಅದರ ಮೇಲೆ ಕೂರಿಸಿ, ಒರಟು ಆನಿಮ್ಯಾಟಿಕ್, ಅಂದರೆ ಸಿನಿಮಾದ ಕಚ್ಚಾ ಕರಡು, ಮಾಡಿಕೊಂಡರು. ಎಲ್ಲಿ ಪಾತ್ರ ನಿಂತರೂ ನಡೆಯುತ್ತದೆ, ಎಲ್ಲಿ ಮಂಜು ಮಾತ್ರ ಸರಿದರೆ ಸಾಕು, ಎಲ್ಲಿ ಬರೆಯಲೇಬೇಕು ಎಂಬುದು ಅದರಲ್ಲಿ ತಿಳಿಯಿತು. ಕೊನೆಗೆ ಕೈಯಿಂದ ಬರೆಯಬೇಕಾದದ್ದು ಸುಮಾರು 400 ಚಿತ್ರಕ್ಕೆ ಇಳಿಯಿತು. ಗೆರೆಗೆ ಕ್ರಿತಾ, ಜೋಡಣೆಗೆ ಬ್ಲೆಂಡರ್. ಎರಡೂ ದುಡ್ಡು ಕೊಡದೆ ಸಿಗುವ ಮುಕ್ತ ತಂತ್ರಾಂಶಗಳು. ಹಾಸನದಂಥ ಊರಿನಲ್ಲಿ ಒಬ್ಬರು ಕೂತು ಸಿನಿಮಾ ಮಾಡಬಹುದಾಗಿರುವುದರಲ್ಲಿ ಈ ತಂತ್ರಾಂಶ ಬರೆದು ಹಂಚಿದವರ ಪಾಲು ದೊಡ್ಡದು.

ಉಳಿತಾಯದ ದೊಡ್ಡ ಪಾಲು ಬಂದದ್ದು ರೈಟರ ಮೀಸೆಯಿಂದ. ಪಾತ್ರವನ್ನು ಮಾತಾಡಿಸಲು ಆನಿಮೇಷನ್ ಕಾಲೇಜುಗಳಲ್ಲಿ ಕಲಿಸುವ ಬಾಯಿಯ ಆಕಾರಗಳ ಪಟ್ಟಿ ಇಂಗ್ಲಿಷ್ ಉಚ್ಚಾರಕ್ಕೆ ಮಾಡಿದ್ದು. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ಮಾತಿನ ಕೊನೆಗೆ ಬಾಯಿ ಇನ್ನೂ ತೆರೆದೇ ಇರುತ್ತದೆ. ಪ, ಬ, ಮ ಬಂದಲ್ಲಿ ತುಟಿ ಮುಚ್ಚಲೇಬೇಕು, ಒತ್ತು ಇದ್ದರೆ ಹೆಚ್ಚು ಹೊತ್ತು ಮುಚ್ಚಿರಬೇಕು. “ಮುಂದೆ ಹೋಗ್ಬೇಡಮ್ಮ” ಎನ್ನುವಾಗ ‘ಮು’ಗೆ ಒಂದು ಚಿತ್ರ ಸಾಕು, ‘ಮ್ಮ’ಗೆ ಎರಡು ಬೇಕು, ಅದೂ ಸದ್ದಿಗಿಂತ ಒಂದು ಫ್ರೇಮು ಮೊದಲೇ. ಟ, ಡ, ಳ ನಾಲಿಗೆಯ ಕೆಲಸವಾದ್ದರಿಂದ ಹೊರಗೆ ಏನೂ ಕಾಣುವುದಿಲ್ಲ. ಚಿತ್ರದ ಶಾಲಾ ಹುಡುಗಿಗೆ ಇಷ್ಟನ್ನೂ ಮಾಡಬೇಕಾಯಿತು. ರೈಟರಿಗೆ ಮೀಸೆಯ ಅಂಚು ಏರಿಳಿದರೆ ಸಾಕಿತ್ತು. ಪತ್ರಿಕೆಯ ಪುಟದಲ್ಲಿ ನಗು ತರಲು ಎಂದೋ ಬರೆದ ಮೀಸೆ ಇಲ್ಲಿ ದಿನಗಟ್ಟಲೆ ಕೆಲಸ ಉಳಿಸಿತು. ವರ್ಷಗಳ ಕಾಲ ಒಂದೇ ಮುಖವನ್ನು ತಿದ್ದಿದ ಶ್ರಮದ ಬೆಲೆ ಇಂಥ ಕಡೆ ಗೊತ್ತಾಗುತ್ತದೆ. ಆ ಶ್ರಮಕ್ಕೆ ಈ ಬಿಲ್ಲಿನಲ್ಲಿ ಯಾರೂ ದುಡ್ಡು ಕೊಟ್ಟಿರಲಿಲ್ಲ.

ಆನೆಯ ಕಡೆ ಉಳಿತಾಯಕ್ಕೆ ಅವಕಾಶ ಕಡಿಮೆಯಿತ್ತು, ಏಕೆಂದರೆ ನೋಡುವವರು ಆನೆ ಕಂಡ ಮಕ್ಕಳು. ಆನೆ ನಾಗಾಲೋಟ ಓಡುವುದಿಲ್ಲ. ಎಷ್ಟು ಜೋರಾಗಿ ಹೋದರೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವುದಿಲ್ಲ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು, ಇದೇ ಕ್ರಮ. ಹಿಂಗಾಲಿನ ಮಂಡಿ ನಮ್ಮ ಮಂಡಿಯಂತೆ ಮುಂದಕ್ಕೆ ಮಡಚುತ್ತದೆ. ಕುದುರೆಯನ್ನು ನೋಡಿ ಬರೆದರೆ ಅಲ್ಲೇ ಸುಳ್ಳಾಗುತ್ತದೆ. ಒಂದು ಪೂರ್ತಿ ಹೆಜ್ಜೆಸುತ್ತಿಗೆ ಎರಡು ಸೆಕೆಂಡು ಕೊಟ್ಟು, 24 ಚಿತ್ರ ಬರೆದು, ಅದನ್ನೇ ಹಿಂಡಿನ ದೊಡ್ಡ ಆನೆಗಳಿಗೆಲ್ಲ ಬಳಸಿದರು. ಕವಾಯತಿನಂತೆ ಕಾಣದಿರಲೆಂದು ಒಂದೊಂದನ್ನೂ ಬೇರೆ ಬೇರೆ ಹೆಜ್ಜೆಯಿಂದ ಶುರುಮಾಡಿದರು. ಮರಿಗೆ ಮಾತ್ರ ಹೊಸದಾಗಿ ಬರೆದರು. ಗಿಡ್ಡ ಕಾಲಿನ ಮರಿ ಅಮ್ಮನ ಜೊತೆ ಬರಬೇಕಾದರೆ ಹೆಜ್ಜೆ ಚುರುಕಾಗಲೇಬೇಕು.

ಮಕ್ಕಳು ತಿದ್ದಿದ್ದು

ಒರಟು ಆನಿಮ್ಯಾಟಿಕ್ಕನ್ನು ಆಲೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ತೋರಿಸಿದೆವು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಗಳಿಗೆ ಅದು.

ಆಗಿನ ಕರಡಿನಲ್ಲಿ ದಂತದ ದೊಡ್ಡ ಆನೆಯೊಂದು ಘೀಳಿಡುತ್ತಾ ರಸ್ತೆಗೆ ಬರುತ್ತಿತ್ತು, ಹಿಂದೆ ಡೋಲಿನ ಸಂಗೀತವಿತ್ತು. ಮಕ್ಕಳು ಸುಮ್ಮನೆ ನೋಡಿದರು. ಮುಗಿದ ಮೇಲೆ ಮೊದಲ ಪ್ರಶ್ನೆ: “ಮಿಸ್, ಇದು ಅರ್ಜುನನಾ?” ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಇದೇ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತ. ದಂತವಿರುವ ದೊಡ್ಡ ಗಂಡಾನೆ ಎಂದರೆ ಈ ಕಡೆಯ ಮಕ್ಕಳ ಮನಸ್ಸಿಗೆ ಮೊದಲು ಬರುವುದು ಅವನೇ. ಅವನ ರೂಪವನ್ನು ಹೆದರಿಸಲು ಬಳಸುವುದು ಯಾರಿಗೂ ಬೇಕಿರಲಿಲ್ಲ.

ಎರಡನೆಯ ಮಾತು ಹಿಂದಿನ ಬೆಂಚಿನ ಹುಡುಗನದು. “ಆನೆ ಬಂದ್ರೆ ಸದ್ದೇ ಬರಲ್ಲ ಮಿಸ್. ಬೈನೆ ಮರಾನೋ ಬಿದಿರೋ ಮುರಿದ್ರೆ ಮಾತ್ರ ಗೊತ್ತಾಗೋದು. ಇಲ್ಲಾಂದ್ರೆ ಪಕ್ಕದಲ್ಲೇ ನಿಂತಿದ್ರೂ ಗೊತ್ತಾಗಲ್ಲ.” ಉಳಿದವರೂ ದನಿಗೂಡಿಸಿದರು. ಅಪ್ಪ ಕಂಡದ್ದು, ಅಜ್ಜಿ ಓಡಿದ್ದು, ಗದ್ದೆಯಲ್ಲಿ ಬೆಳಗ್ಗೆ ಹೆಜ್ಜೆ ನೋಡಿದ್ದು ಒಂದೊಂದಾಗಿ ಹೊರಬಂತು. ಒಬ್ಬಳು ಹುಡುಗಿ ಮಾತ್ರ ಮಾತಾಡಲಿಲ್ಲ. ಅವಳ ಮನೆಯಲ್ಲಿ ಏನಾಗಿತ್ತೆಂದು ಆಮೇಲೆ ಟೀಚರು ಹೇಳಿದರು.

ಆ ಸಂಜೆಯೇ ಕಲಾವಿದೆ ಮೂರು ತೀರ್ಮಾನ ತೆಗೆದುಕೊಂಡರು. ಗಂಡಾನೆ ಬೇಡ, ಹೆಣ್ಣಾನೆಗಳೂ ಮರಿಯೂ ಇರುವ ಹಿಂಡು ಸಾಕು. ಹಿಂಡು ನಡೆಸುವುದು ಹಿರಿಯ ಹೆಣ್ಣಾನೆ, ಏಷ್ಯಾದ ಹೆಣ್ಣಾನೆಗಳಿಗೆ ಹೊರಗೆ ಕಾಣುವ ದಂತವೂ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಇದು ನಿಜಕ್ಕೂ ಹತ್ತಿರ. ಆನೆ ಮನುಷ್ಯನ ಮೇಲೆ ಬೀಳುವ ಒಂದು ಚಿತ್ರವೂ ಬೇಡ. ಸಂಗೀತ ಪೂರ್ತಿ ತೆಗೆಯಬೇಕು. ಚಿತ್ರದ ನಡುವೆ ಹನ್ನೊಂದು ಸೆಕೆಂಡು ಪರದೆಯ ಮೇಲೆ ಮಂಜು ಬಿಟ್ಟರೆ ಏನೂ ಇಲ್ಲ, ಒಂದು ಕೊಂಬೆ ಮುರಿದ ಸದ್ದು, ರೈಟರ ಕೈ ಹುಡುಗಿಯ ಭುಜದ ಮೇಲೆ. ಆಮೇಲೆ ಇಬ್ಬರೂ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತಾರೆ. ಕಲ್ಲು ಹೊಡೆಯುವುದಿಲ್ಲ, ಕೂಗುವುದಿಲ್ಲ, ಮೊಬೈಲು ಎತ್ತುವುದಿಲ್ಲ. ಆನೆ ಇರುವ ಜಾಗ ತಿಳಿಸಿ ಅರಣ್ಯ ಇಲಾಖೆ ಕಳಿಸಿದ ಸಂದೇಶವನ್ನು ರೈಟರು ಊರವರಿಗೆ ಓದಿ ಹೇಳುತ್ತಾನೆ.

ಸಂಸ್ಥೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಸಂಗೀತವೇ ಇಲ್ಲದಿದ್ದರೆ ಮಕ್ಕಳು ನೋಡುತ್ತಾರೆಯೇ, ಅಷ್ಟು ಹೊತ್ತು ಖಾಲಿ ಪರದೆಗೆ ದುಡ್ಡು ಕೊಡಬೇಕೇ ಎಂದು ಕೇಳಿದರು. ಅವರನ್ನು ಅದೇ ಶಾಲೆಗೆ ಕರೆದುಕೊಂಡು ಹೋಗಿ ಹೊಸ ಕರಡನ್ನು ಮಕ್ಕಳ ಜೊತೆಯಲ್ಲೇ ಕೂರಿಸಿ ತೋರಿಸಿದರು. ಕೊಂಬೆ ಮುರಿದಾಗ ಇಡೀ ತರಗತಿ ಉಸಿರು ಹಿಡಿದದ್ದನ್ನು ಅವರೂ ಕಂಡರು. ಆ ವಾದ ಅಲ್ಲಿಗೆ ನಿಂತಿತು.

ಕೊನೆಯ ಪುಟದ ಆ ಸಾಲು

ಅಷ್ಟರಲ್ಲಿ ಒಪ್ಪಂದಕ್ಕೆ ಸಹಿ ಆಗಿರಲಿಲ್ಲ. ಮುಂಗಡ ಬೇಕಾಗಿತ್ತು, ಮಳೆಗಾಲದಲ್ಲಿ ಮದುವೆ ಆಮಂತ್ರಣದ ಕೆಲಸವೂ ಇರುವುದಿಲ್ಲ. ಮನೆಯವರು, ಸ್ನೇಹಿತರು ಸಹಿ ಹಾಕು ಎಂದೇ ಹೇಳಿದರು. “ದುಡ್ಡು ಬೇಕು ಮೇಷ್ಟ್ರೇ. ಆದ್ರೆ ರೈಟರನ್ನ ಕೊಟ್ಬಿಟ್ರೆ ಮುಂದಿನ ಭಾನುವಾರ ನಾನು ಯಾರನ್ನ ಬರೀಲಿ?” ಎಂದು ಅವರು ನನ್ನನ್ನು ಕೇಳಿದ್ದು ಆಗ. ಹಾಸನದ ವಕೀಲರೊಬ್ಬರ ಹತ್ತಿರ ಹೋದೆವು. ಅವರು ಹೇಳಿದ್ದರಲ್ಲಿ ಇಂಥ ಕೆಲಸ ಮಾಡುವವರೆಲ್ಲ ತಿಳಿದಿರಬೇಕಾದ ಸಂಗತಿ ಇದೆ.

1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ದುಡ್ಡು ಕೊಟ್ಟು ಸಿನಿಮಾ ಮಾಡಿಸಿಕೊಂಡರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾಡಿಸಿದವರೇ ಮೊದಲ ಒಡೆಯರು. ಕೈಯಿಂದ ಬರೆದ ಆನಿಮೇಷನ್ನೂ ಕಾನೂನಿನ ಕಣ್ಣಿಗೆ ಸಿನಿಮಾವೇ. ಹಾಗಾಗಿ ಈ ಚಿತ್ರ ಸಂಸ್ಥೆಯದು. ಅದರಲ್ಲಿ ಜಗಳವಿಲ್ಲ. ಆದರೆ ರೈಟರ ಚಿತ್ರಗಳು ಅದಕ್ಕೂ ಹಿಂದಿನ ಬೇರೆ ಕೃತಿಗಳು. ಕಲಾವಿದೆ ಪತ್ರಿಕೆಯ ನೌಕರರಲ್ಲ, ಯಾರಿಗೂ ಅವುಗಳ ಹಕ್ಕನ್ನು ಬರೆದುಕೊಟ್ಟಿಲ್ಲ. ಅವು ಅವರದೇ, ಅವರ ಜೀವಮಾನಕ್ಕೂ ಆಮೇಲೆ 60 ವರ್ಷಕ್ಕೂ. ಅದನ್ನು ಬೇರೆಯವರಿಗೆ ದಾಟಿಸಲು ಇರುವ ದಾರಿ ಅವರ ಸಹಿಯುಳ್ಳ ಬರಹ, ಎಂದರೆ ಆ ಕೊನೆಯ ಪುಟದ ಸಾಲು. 19ನೇ ಕಲಂ ಇನ್ನೂ ಒಂದು ಮಾತು ಹೇಳುತ್ತದೆ: ಬರಹದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತದ ಒಳಗೆ ಮಾತ್ರ ಎಂದೂ ತಿಳಿಯಬೇಕು. ಈ ಕರಡಿನಲ್ಲಿ ಎರಡನ್ನೂ ಬರೆದಿದ್ದರು: ಶಾಶ್ವತವಾಗಿ, ಜಗತ್ತಿನಾದ್ಯಂತ.

ಪಾತ್ರ ಕೈಬಿಟ್ಟು ಹೋದ ಕತೆಗಳು ಈ ಕಸುಬಿನಲ್ಲಿ ಹಳೆಯವು. ವಾಲ್ಟ್ ಡಿಸ್ನಿ ತಂಡ ಕಟ್ಟಿ ಬೆಳೆಸಿದ ಓಸ್ವಾಲ್ಡ್ ಎಂಬ ಮೊಲದ ಹಕ್ಕು ಯೂನಿವರ್ಸಲ್ ಕಂಪನಿಯ ಬಳಿ ಇತ್ತು. 1928ರಲ್ಲಿ ಆ ಮೊಲ ಡಿಸ್ನಿಯ ಕೈತಪ್ಪಿತು, ಡಿಸ್ನಿ ಕಂಪನಿಗೆ ಅದು ಮರಳಿ ಬಂದದ್ದು 2006ರಲ್ಲಿ. ಇತ್ತ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ದಶಕಗಳ ಕಾಲ ಬರೆದ ಶ್ರೀಸಾಮಾನ್ಯ, ಚೌಕಳಿ ಕೋಟಿನ ಆ ಮನುಷ್ಯ, ಅವರ ಹೆಸರಿನಿಂದ ಬೇರೆಯಾಗಿ ಯಾರ ನೆನಪಿನಲ್ಲೂ ಇಲ್ಲ. ದಿನವೂ ಒಂದೇ ಮುಖ ಬರೆದವರಿಗೆ ಆ ಮುಖವೇ ಗಳಿಕೆ.

ಕಲಾವಿದೆ ಎದುರು ಕರಡು ಕಳಿಸಿದರು. ಚಿತ್ರ ಪೂರ್ತಿ ಸಂಸ್ಥೆಯದು. ಹುಡುಗಿ, ಆನೆ ಹಿಂಡು, ಹಿನ್ನೆಲೆ ಎಲ್ಲ ಈ ಚಿತ್ರಕ್ಕೆಂದೇ ಹುಟ್ಟಿದವು, ಅವೂ ಸಂಸ್ಥೆಯವೇ. ರೈಟರನ್ನು ಈ ಒಂದು ಚಿತ್ರದಲ್ಲಿ, ಶಾಲೆಗಳಲ್ಲಿ ಮತ್ತು ಅಂತರ್ಜಾಲದಲ್ಲಿ ತೋರಿಸಲು 5 ವರ್ಷದ ಪರವಾನಗಿ. ಗೊಂಬೆ, ಪೋಸ್ಟರು, ಇನ್ನೊಂದು ಚಿತ್ರ ಯಾವುದಕ್ಕೂ ಅವನನ್ನು ಬಳಸಬೇಕಾದರೆ ಮತ್ತೆ ಕೇಳಬೇಕು. ಕೃತಕ ಬುದ್ಧಿಮತ್ತೆಯ ತರಬೇತಿಗೆ ಅವನ ಚಿತ್ರಗಳನ್ನು ಉಣಿಸುವಂತಿಲ್ಲ. ಹೆಸರು ಚಿತ್ರದ ಮೇಲೆ ಇರಬೇಕು.

ಹೆಸರಿನ ಬಗ್ಗೆ ಸಂಸ್ಥೆಯ ಅಧಿಕಾರಿ ಸ್ವಲ್ಪ ಹಿಂಜರಿದರು, ಜಾಗೃತಿ ಚಿತ್ರಗಳಲ್ಲಿ ಕಲಾವಿದರ ಹೆಸರು ಹಾಕುವ ಪದ್ಧತಿ ಇಲ್ಲ ಎಂದರು. ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ, ಅದನ್ನು ವಿರೂಪಗೊಳಿಸಿ ಹೆಸರು ಕೆಡಿಸಿದರೆ ತಡೆಯುವ ಅಧಿಕಾರ 57ನೇ ಕಲಮಿನಲ್ಲಿದೆ ಎಂದು ವಕೀಲರು ತೋರಿಸಿದರು. ಕಲಾವಿದೆ ಹೇಳಿದ್ದು ಬೇರೆ: “ಸಾರ್, ಬೇಲೂರಿಗೆ ಹೋಗಿ ನೋಡಿ. ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಶಿಲ್ಪದ ಕೆಳಗೆ ಹೆಸರು ಬರೆದಿದಾರೆ. ರಾಜರು ಕಟ್ಟಿಸಿದ ದೇವಸ್ಥಾನದಲ್ಲೇ ಅದು ನಡೀತು.” 1117ರ ಆ ಗುಡಿಯ ಮಾತಿಗೆ ಅಧಿಕಾರಿ ಮರುಮಾತಾಡಲಿಲ್ಲ.

ನಿಜವಾಗಿ ಎಳೆದಾಟ ನಡೆದದ್ದು ಮೂಲ ಕಡತಗಳಿಗೆ. ಪದರ ಪದರವಾಗಿ ಬಿಡಿಸಿಟ್ಟ ಫೈಲುಗಳೆಲ್ಲ ಬೇಕೆಂದು ಸಂಸ್ಥೆ ಕೇಳಿತು. ಕಾರಣವೂ ನ್ಯಾಯವಾದದ್ದೇ: ತೋಟಗಳಿಗೆ ಅಸ್ಸಾಂ ಕಡೆಯಿಂದ ಬಂದ ಕೂಲಿ ಕುಟುಂಬಗಳಿವೆ, ತಮಿಳು ಮನೆಮಾತಿನವರಿದ್ದಾರೆ, ಅವರ ಭಾಷೆಗೂ ಚಿತ್ರ ಹೋಗಬೇಕು. ಆದರೆ ರೈಟರ ಕೈ, ಕಣ್ಣು, ಮೀಸೆ ಬಿಡಿಬಿಡಿಯಾಗಿರುವ ಫೈಲು ಯಾರ ಕೈಗೆ ಸಿಕ್ಕರೂ ನಾಳೆ ಅವನ ಬಾಯಲ್ಲಿ ಏನನ್ನಾದರೂ ಹೇಳಿಸಬಹುದು, ಚುನಾವಣೆಯ ಮಾತನ್ನೂ. ಕಲಾವಿದೆ ಕೊಟ್ಟದ್ದು ಇಷ್ಟು: ಪೂರ್ತಿ ಚಿತ್ರ, ಮಾತಿಲ್ಲದೆ ಬರೀ ಸದ್ದುಗಳಿರುವ ಇನ್ನೊಂದು ಪ್ರತಿ, ಹುಡುಗಿ ಮತ್ತು ಆನೆಗಳ ಮೂಲ ಫೈಲು. ರೈಟರ ಫೈಲು ಕೊಡಲಿಲ್ಲ. ಮೀಸೆಯ ಕೆಳಗೆ ಯಾವ ಭಾಷೆ ಕೂರಿಸಿದರೂ ಹೊಂದುತ್ತದೆ, ಡಬ್ಬಿಂಗಿಗೆ ಆ ಫೈಲೇ ಬೇಕಾಗಿಲ್ಲ ಎಂದು ತಮಿಳಿನಲ್ಲಿ ಒಂದು ತುಣುಕು ಮಾಡಿ ತೋರಿಸಿದರು.

ಸಂಸ್ಥೆ ಒಪ್ಪಿತು, ಒಪ್ಪಂದದ ಮೊತ್ತದಲ್ಲಿ ಐದನೇ ಒಂದು ಪಾಲು ಕಡಿತ ಮಾಡಿ. ಈ ಕಡಿತ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಅವರ ಕೆಲಸದಲ್ಲಿ ಒಂದು ಫ್ರೇಮೂ ಕಡಿಮೆಯಾಗಿರಲಿಲ್ಲ, ಸಂಸ್ಥೆಗೆ ಬೇಕಾದ ಬಳಕೆ ಒಂದೂ ತಪ್ಪಿರಲಿಲ್ಲ. ಕಲಾವಿದೆ ಮಾತ್ರ ಹೆಚ್ಚು ಮಾತಾಡದೆ ಸಹಿ ಹಾಕಿದರು. ಆ ಮಳೆಗಾಲ ಅವರು ಸಾಲ ಮಾಡಿದ್ದು ನನಗೆ ಗೊತ್ತು.

ಸಹಿ ಆದ ಮೇಲೆ ಅವರು ಮಾಡಿದ ಮೊದಲ ಕೆಲಸ ರೈಟರ ಮುಖ್ಯ ಚಿತ್ರಗಳನ್ನು ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಲು ಅರ್ಜಿ ಹಾಕಿದ್ದು. ನೋಂದಣಿ ಕಡ್ಡಾಯವಲ್ಲ, ಬರೆದ ಗಳಿಗೆಯಿಂದಲೇ ಹಕ್ಕು ಇರುತ್ತದೆ. ವ್ಯಾಜ್ಯ ಬಂದರೆ ಪುರಾವೆಗೆ ಆಗುತ್ತದೆ. ಜೊತೆಗೆ ಪತ್ರಿಕೆಯಲ್ಲಿ ಬಂದ ಹಳೆಯ ಪುಟಗಳನ್ನೆಲ್ಲ ದಿನಾಂಕ ಕಾಣುವಂತೆ ಸ್ಕ್ಯಾನ್ ಮಾಡಿಸಿಟ್ಟರು.

ಚಿತ್ರ ಶಾಲೆಗಳಿಗೆ ಹೋಯಿತು. ಕೆಲವು ಕಡೆ ಟೀಚರುಗಳು ಅದನ್ನು ಕೊಂಬೆ ಮುರಿಯುವ ಗಳಿಗೆಗೆ ನಿಲ್ಲಿಸಿ “ಈಗ ಏನ್ಮಾಡ್ಬೇಕು?” ಎಂದು ಕೇಳುತ್ತಾರಂತೆ. ನಾವು ಯೋಚಿಸಿರದ ಬಳಕೆ, ನನಗೆ ತುಂಬ ಹಿಡಿಸಿತು. ಸಂಸ್ಥೆ ಈಗ ಚಿಕ್ಕಮಗಳೂರು ಜಿಲ್ಲೆಯ ಶಾಲೆಗಳಿಗೆ ಎರಡನೆಯ ಚಿತ್ರ ಮಾಡಿಸುತ್ತಿದೆ. ಹುಡುಗಿಯೂ ಆನೆಗಳೂ ಅವರ ಸ್ವತ್ತಾದ್ದರಿಂದ ಆ ಕೆಲಸವನ್ನು ಬೆಂಗಳೂರಿನ ಬೇರೊಂದು ತಂಡಕ್ಕೆ ಕೊಟ್ಟಿದ್ದಾರೆ. ರೈಟರು ಬೇಕೆಂದು ಮಾತ್ರ ಮತ್ತೆ ಹಾಸನಕ್ಕೇ ಪತ್ರ ಬಂತು. ಈ ಸಲ ಕಲಾವಿದೆ ಎರಡು ಬೇರೆ ಬೇರೆ ಬಿಲ್ಲು ಕಳಿಸಿದ್ದಾರೆ. ಒಂದು ರೈಟರ ಪರವಾನಗಿಗೆ, ಇನ್ನೊಂದು ಅವನ ಭಾಗವನ್ನು ಅವರೇ ಬರೆದುಕೊಡುವ ಕೆಲಸಕ್ಕೆ. ಮೊದಲನೆಯದರ ದುಡ್ಡು ಬಂದಿದೆ.